ಮಣ್ಣು ಒಪ್ಪಿದ ಕಾಲು

ನಮ್ಮ ಅತ್ತಿಗೆಯ ಪಾದಗಳು ನೋಡಲು ಚೆಂದವೇನೂ ಇರಲಿಲ್ಲ. ಅಗಲವಾದ ಅಂಗಾಲು, ಒಂದರ ಮೇಲೊಂದು ಮುನಿಸಿಕೊಂಡಂತೆ ದೂರ ದೂರ ನಿಂತ ಬೆರಳುಗಳು, ಕಾಸು ಸಿಕ್ಕಿಸಿದರೆ ಬೀಳದಷ್ಟು ಬಿರುಕು ಬಿಟ್ಟ ಹಿಮ್ಮಡಿ. ಅಣ್ಣನ ಕೈ ಹಿಡಿದು ನಮ್ಮ ಹೊಸಿಲು ದಾಟಿದ ದಿನವೇ ಪಕ್ಕದ ಮನೆಯ ಗೊಣಗಮ್ಮ ಆ ಪಾದ ನೋಡಿ ನಮ್ಮಮ್ಮನ ಕಿವಿಯಲ್ಲಿ ಏನೋ ಉಸುರಿದಳಂತೆ. ಸೊಸೆಯನ್ನು ತಂದಿರುವುದು ಗೋಡೆಗೆ ತೂಗುಹಾಕಲಿಕ್ಕಲ್ಲ, ಮಣ್ಣು ತುಳಿಯಲಿಕ್ಕೆ ಎಂದು ಅಮ್ಮ ಅವಳ ಬಾಯಿ ಮುಚ್ಚಿಸಿದಳು. ಗೊಣಗಮ್ಮನ ಬಾಯಿ ಮುಚ್ಚಿ ಎಷ್ಟು ಹೊತ್ತು ಇರುತ್ತದೆ? ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಗಿತ್ತು. ನಾನು ಆಗಿನ್ನೂ ಚಡ್ಡಿ ಹಾಕುವ ವಯಸ್ಸಿನವನು. ಮರುದಿನ ಆ ಅಗಲ ಪಾದದ ಹುಡುಗಿ ನನ್ನ ಅಂಗಿಗೆ ಗುಂಡಿ ಹೊಲಿದುಕೊಟ್ಟಳು, ಅವತ್ತಿನಿಂದ ನಾನು ಅವಳ ಕಡೆಯವನು.

ನಮ್ಮ ಬೀದಿಯ ತುದಿಯಲ್ಲೊಂದು ಹೆಂಚಿನ ಕಾರ್ಖಾನೆ ಇದೆ. ಅಣ್ಣ ಅಲ್ಲಿ ಭಟ್ಟಿಯ ಬೆಂಕಿ ನೋಡಿಕೊಳ್ಳುವವನು. ನಾನು ದೊಡ್ಡವನಾದ ಮೇಲೆ ಒಣಗಿದ ಹಸಿ ಹೆಂಚುಗಳನ್ನು ಭಟ್ಟಿಯೊಳಗೆ ಜೋಡಿಸುವ ಕೆಲಸಕ್ಕೆ ಸೇರಿದೆ. ಅಮ್ಮ ಮಂಡಿ ಹಿಡಿದುಕೊಳ್ಳುವ ತನಕ ಮಣ್ಣು ತುಳಿದವಳು. ಅವಳ ಜಾಗಕ್ಕೆ ಅತ್ತಿಗೆ ಬಂದಳು.

ಹೆಂಚಾಗಬೇಕಾದರೆ ಮಣ್ಣು ಮೊದಲು ತುಳಿಸಿಕೊಳ್ಳಬೇಕು. ಕಾರ್ಖಾನೆಯ ಹಿಂದೆ, ದಟ್ಟ ಮರಗಳ ನೆರಳಿನಲ್ಲಿ, ಆಳೆತ್ತರದ ಮಣ್ಣಿನ ರಾಶಿ. ಅದರ ಬುಡದ ತಗ್ಗಿಗೆ ಮಣ್ಣೆಳೆದು, ನೀರು ಬಿಟ್ಟು ನೆನೆಸುತ್ತಾರೆ. ಆಮೇಲೆ ಹೆಂಗಸರ ಒಂದು ಸಾಲು ಹಗ್ಗ ಹಿಡಿದುಕೊಂಡು ಅದರ ಮೇಲೆ ಹೋಗಿ ಬಂದು, ಹೋಗಿ ಬಂದು, ಮಣ್ಣು ಬೆಣ್ಣೆಯಾಗುವ ತನಕ ನಡೆಯುತ್ತದೆ. ಸಾಲಿನಲ್ಲಿ ಮೊದಲು ನಡೆಯುವವಳಿಗೆ ನಮ್ಮಲ್ಲಿ ಮುಂಗಾಲು ಎನ್ನುತ್ತಾರೆ. ಅವಳ ಕೆಲಸ ಬರೀ ತುಳಿಯುವುದಲ್ಲ, ಅಂಗಾಲಿನಲ್ಲಿ ಕಲ್ಲು ಹುಡುಕುವುದು. ಕಡಲೆಕಾಳಿನಷ್ಟು ಕಲ್ಲು ಮಣ್ಣಿನಲ್ಲಿ ಉಳಿದರೂ ಭಟ್ಟಿಯ ಕಾವಿಗೆ ಹೆಂಚು ಪಟ್ಟೆಂದು ಸೀಳುತ್ತದೆ.

ಅತ್ತಿಗೆ ಈ ಕೆಲಸದಲ್ಲಿ ಎತ್ತಿದ ಕೈ. ಕಾಲು ಎನ್ನಬೇಕೇನೋ. ನಡೆಯುತ್ತಿದ್ದವಳು ಒಂದು ಕ್ಷಣ ನಿಲ್ಲುವಳು, ಹೆಬ್ಬೆರಳು ಕೆಸರೊಳಗೆ ಏನನ್ನೋ ಚಿವುಟುವುದು, ಬಗ್ಗದೆಯೇ ಕಾಲಿನಿಂದ ಕಲ್ಲನ್ನು ಎತ್ತಿ ದಂಡೆಗೆ ಎಸೆಯುವಳು. ಅಷ್ಟು ಹೊತ್ತೂ ಅವಳ ಕಣ್ಣು ಬೇರೆಲ್ಲೋ ಇರುತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ ಅವಳನ್ನು ಮುಂಗಾಲು ಮಾಡಿದರು. ಅದಕ್ಕೆ ಕೂಲಿಯೂ ಒಂದಿಷ್ಟು ಜಾಸ್ತಿ. ಆ ಜಾಗದ ಮೇಲೆ ಗೊಣಗಮ್ಮನಿಗೆ ಎಷ್ಟೋ ಕಾಲದಿಂದ ಕಣ್ಣಿತ್ತು. ಅವಳು ಎರಡನೆಯವಳಾಗಿಯೇ ಉಳಿದಳು, ಅತ್ತಿಗೆಯ ಬೆನ್ನನ್ನು ನೋಡುತ್ತಾ ವರ್ಷಗಟ್ಟಲೆ ನಡೆದಳು. ಮನುಷ್ಯರಿಗೆ ಸಿಟ್ಟು ಬರಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ತುಳಿಯುವವರಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಸೇರಿದವಳಿಗೆ ಕೆಲವೇ ದಿನಗಳಲ್ಲಿ ಬೆರಳ ಸಂದಿಯಲ್ಲಿ ತುರಿಕೆ ಶುರುವಾಗುತ್ತಿತ್ತು. ಸಣ್ಣ ಕೆಂಪು ಗುಳ್ಳೆಗಳು, ನಿದ್ದೆ ಕೆಡಿಸುವಂಥ ನವೆ. ಅದು ಕಂಡ ಕೂಡಲೇ ಎಲ್ಲರಿಗೂ ಸಂಭ್ರಮ. ಮಣ್ಣು ಕಾಲನ್ನು ಒಪ್ಪಿತು, ಇನ್ನು ಇವಳು ನಮ್ಮವಳು ಎಂದು ಅವಳ ಬಾಯಿಗೆ ಕಲ್ಲುಸಕ್ಕರೆ ಹಾಕುತ್ತಿದ್ದರು. ತುರಿಕೆ ಬಾರದಿದ್ದವಳ ಮುಖ ಸಪ್ಪಗಾಗುತ್ತಿತ್ತು. ಅಮ್ಮನಿಗೆ ಅವಳ ಅತ್ತೆ ಸಕ್ಕರೆ ಹಾಕಿದ್ದಳು, ಅತ್ತಿಗೆಗೆ ಅಮ್ಮ ಹಾಕಿದಳು. ನಾನೂ ಆ ಸಕ್ಕರೆಯಲ್ಲಿ ಪಾಲು ತಿಂದವನೇ.

ಇನ್ನು ನಮ್ಮ ಬೀದಿಯ ನಿದ್ದೆಯ ಕಥೆ. ಕೆಲಸ ಬಿಟ್ಟು ಬಂದವರು ಕೈಕಾಲು ತೊಳೆದು, ಉಂಡೆವೋ ಇಲ್ಲವೋ ಎನ್ನುವಂತೆ ಉಂಡು, ದೀಪ ಹಚ್ಚುವ ಹೊತ್ತಿಗೆ ಉರುಳಿಕೊಳ್ಳುತ್ತಿದ್ದರು. ಬಾಯಲ್ಲಿ ತುತ್ತು ಇಟ್ಟುಕೊಂಡೇ ಅತ್ತಿಗೆ ತೂಕಡಿಸಿದ್ದನ್ನು ನಾನು ಕಂಡಿದ್ದೇನೆ. ಮಧ್ಯಾಹ್ನವಾದರೆ ತುಳಿಯುವ ಸಾಲು ಹಗ್ಗಕ್ಕೆ ಜೋತು ಬಿದ್ದಿರುತ್ತಿತ್ತು. ಶಾಲೆಯಲ್ಲಿ ನಮ್ಮ ಬೀದಿಯ ಮಕ್ಕಳು ಹಿಂದಿನ ಬೆಂಚಿನಲ್ಲಿ ತಲೆ ಊರಿ ಮಲಗುತ್ತಿದ್ದರು, ಮೇಷ್ಟ್ರು ಎಬ್ಬಿಸಿ ಎಬ್ಬಿಸಿ ಬೇಸತ್ತು ಬಿಟ್ಟುಬಿಟ್ಟಿದ್ದರು. ಹೆಂಚು ಕೊಳ್ಳಲು ಬರುವ ವ್ಯಾಪಾರಿಗಳು, ಈ ಕಡೆಯ ಜನಕ್ಕೆ ಸೋಮಾರಿತನ ರಕ್ತದಲ್ಲೇ ಬಂದಿದೆ ಎನ್ನುತ್ತಿದ್ದರು. ನಮ್ಮ ಯಜಮಾನರೂ ತಲೆಯಾಡಿಸುತ್ತಿದ್ದರು. ಈಗ ನೆನೆದರೆ ಮೈ ಉರಿಯುತ್ತದೆ. ಮೈಯಲ್ಲಿ ರಕ್ತವೇ ಇರಲಿಲ್ಲ, ಸೋಮಾರಿತನ ಎಲ್ಲಿಂದ ಬಂದು ಕೂರಬೇಕಿತ್ತು?

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮವರದು ಮಂಡಿಯ ತನಕ ಕೆಸರಾಗುತ್ತಿತ್ತು, ಮೊಸರಿನ ಸುದ್ದಿಯೇ ಇಲ್ಲ. ಮೊಸರಿನ ಬದಲು ನಮ್ಮ ಹೆಂಗಸರು ಹೆಂಚು ತಿನ್ನುತ್ತಿದ್ದರು. ಸುಳ್ಳಲ್ಲ, ಅರೆಬೆಂದ ಹೆಂಚಿನ ಚೂರನ್ನು ಸೆರಗಿಗೆ ಕಟ್ಟಿಕೊಂಡು ಆಗಾಗ ಕಡಿಯುತ್ತಿದ್ದರು. ಅತ್ತಿಗೆಗಂತೂ ಅದಿಲ್ಲದೆ ಆಗುತ್ತಲೇ ಇರಲಿಲ್ಲ. ನಮ್ಮ ಮನೆ ಮೇಲೆ ಹೆಂಚಿಲ್ಲದಿದ್ದರೂ ಹೊಟ್ಟೆಯೊಳಗಾದರೂ ಇರಲಿ ಬಿಡು ಎಂದು ನಾನು ರೇಗಿಸುತ್ತಿದ್ದೆ. ಹೆಂಚು ಮಾಡುವವರ ಬೀದಿಯಲ್ಲಿ ಒಂದು ಮನೆಗೂ ಹೆಂಚಿರಲಿಲ್ಲ, ಎಲ್ಲವೂ ತಗಡು.

ಅತ್ತಿಗೆಯ ಮೊದಲ ಬಸಿರು ಐದು ತಿಂಗಳಿಗೇ ಇಳಿಯಿತು. ಎರಡನೆಯದು ದಿನ ತುಂಬಿಸಿಕೊಂಡು ಹುಟ್ಟಿತು, ಆದರೆ ಅಳಲಿಲ್ಲ. ಅಂಗೈಯಷ್ಟು ಮಗು. ಅಣ್ಣ ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದಾಗ ಅತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೆಚ್ಚು ದಿನ ಮಲಗಲೂ ಇಲ್ಲ, ಎದ್ದು ಕೆಲಸಕ್ಕೆ ಹೋದಳು. ಕಾರ್ಖಾನೆಗೆ ಚಿನ್ನದಂಥ ಕಾಲು, ಮನೆಗೆ ಮಾತ್ರ ಕಾಲ್ಗುಣ ಸರಿಯಿಲ್ಲ ಎಂದು ಗೊಣಗಮ್ಮ ನಲ್ಲಿಯ ಹತ್ತಿರ ಹೇಳುತ್ತಿದ್ದುದು ಅತ್ತಿಗೆಯ ಕಿವಿಗೂ ಬಿತ್ತು. ಆ ಗೊಣಗಮ್ಮನದೂ ಸುಖದ ಬಾಳಲ್ಲ. ಅವಳ ದೊಡ್ಡ ಮಗಳು ತುಳಿಯುವ ಸಾಲಿನಲ್ಲೇ ಇದ್ದವಳು, ವರ್ಷದಿಂದ ವರ್ಷಕ್ಕೆ ಬಿಳಿಚಿಕೊಳ್ಳುತ್ತಾ, ಮುಖ ಊದಿಸಿಕೊಳ್ಳುತ್ತಾ, ಮದುವೆ ಗೊತ್ತಾದ ಮೇಲೆ ತೀರಿಕೊಂಡಿದ್ದಳು. ಆದರೂ ಅವಳ ನಾಲಿಗೆಯನ್ನು ಅಮ್ಮ ಕ್ಷಮಿಸಲಿಲ್ಲ, ನಾನೂ ಕ್ಷಮಿಸಲಿಲ್ಲ. ಅತ್ತಿಗೆ ಕ್ಷಮಿಸಿದ್ದಳೋ ಏನೋ, ಅವಳ ಮನಸ್ಸು ತಿಳಿಯುವಷ್ಟು ಹೊತ್ತು ಅವಳು ಎಚ್ಚರವಾಗಿರುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಕಡೆಯ ಆಸ್ಪತ್ರೆಗೆ ಹೊಸ ನರ್ಸಮ್ಮ ಬಂದಳು. ಕುಳ್ಳಗಿನ ದುಂಡು ಹೆಂಗಸು, ಕುರ್ಚಿ ಸಿಕ್ಕಲ್ಲಿ ಕೂತುಬಿಡುವ ಅಭ್ಯಾಸ, ಕೂತರೆ ಕೆಲಸವಾಗುವ ತನಕ ಏಳದ ಹಟ. ಬೀದಿಯವರನ್ನೆಲ್ಲ ನಿಲ್ಲಿಸಿ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದಳು. ಕೆಂಪಾಗಿರಬೇಕಾದ ಕಡೆ ಎಲ್ಲರಿಗೂ ಬಿಳಿ. ಹೊಟ್ಟೆಯಲ್ಲಿ ಹುಳ ಇದ್ದು ರಕ್ತ ಹೀರುತ್ತಿವೆ ಎಂದಳು, ಹುಳಕ್ಕೊಂದು ಮಾತ್ರೆ, ರಕ್ತಕ್ಕೆ ಬೇರೆ ಮಾತ್ರೆ ಕೊಟ್ಟಳು. ನಮ್ಮವರು ಅವಳ ಮುಂದೆ ಬಾಯಿಗೆ ಹಾಕಿಕೊಂಡು, ಅವಳ ಬೆನ್ನ ಹಿಂದೆ ಉಗಿದರು. ತುಳಿದು ತುಳಿದು ಸುಸ್ತಾಗುವುದಕ್ಕೆ ಹುಳದ ನೆಪ ಯಾಕೆ ಎಂಬುದು ಗೊಣಗಮ್ಮನ ತೀರ್ಪು. ಮಾತ್ರೆ ನುಂಗಿದವಳು ಅತ್ತಿಗೆ ಒಬ್ಬಳೇ. ಮಗು ನಿಲ್ಲಬೇಕಾದರೆ ರಕ್ತ ಬೇಕು ಎಂದು ನರ್ಸಮ್ಮ ಹೇಳಿದ್ದ ಒಂದೇ ಮಾತಿಗೆ ಅವಳು ಕಟ್ಟುಬಿದ್ದಿದ್ದಳು.

ಕೆಲವು ತಿಂಗಳು ಅವಳು ಬೇರೆಯೇ ಹೆಂಗಸಾದಳು. ಸೆರಗಿನ ಗಂಟಿನಲ್ಲಿದ್ದ ಹೆಂಚಿನ ಚೂರು ತಾನಾಗಿ ಮಾಯವಾಯಿತು. ಅಮ್ಮನ ಜೊತೆ ಜಗಳವಾಡುವಷ್ಟು ತ್ರಾಣ ಬಂತು, ಅಮ್ಮನಿಗೂ ಅದು ಖುಷಿಯೇ. ಆಮೇಲೆ ನಿಧಾನವಾಗಿ ಮತ್ತೆ ಮುಖ ಬಿಳಿಚಿತು, ಮೆಟ್ಟಿಲು ಹತ್ತಿದರೆ ಏದುಸಿರು ಬಂತು. ಹೆಂಚಿನ ಚೂರು ಸೆರಗಿಗೆ ಮರಳಿತು. ಅದೇ ಹೊತ್ತಿಗೆ ಅವಳಿಗೆ ಮೂರನೆಯ ಬಸಿರು ನಿಂತಿತು.

ನರ್ಸಮ್ಮ ಮತ್ತೆ ರೆಪ್ಪೆ ಎಳೆದು ನೋಡಿದಳು, ಮಾತ್ರೆ ಬಿಟ್ಟಿದ್ದೀಯಾ ಎಂದು ಗದರಿದಳು. ಇಲ್ಲವೆಂದು ಅತ್ತಿಗೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ರಕ್ತ ಹೀಗೇ ಇದ್ದರೆ ಈ ಮಗುವೂ ಕಷ್ಟ, ಹೆರಿಗೆಯ ಹೊತ್ತಿಗೆ ನಿನ್ನ ಜೀವಕ್ಕೂ ಕಷ್ಟ ಎಂದು ನರ್ಸಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಅಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಇಷ್ಟು ಹೇಳಿ ನರ್ಸಮ್ಮ, ನೀನು ಕೆಲಸ ಮಾಡುವ ಜಾಗ ನೋಡಬೇಕು ನಡಿ ಎಂದು ಎದ್ದಳು.

ಅವಳು ಬಂದಾಗ ತುಳಿಯುವ ಕಡೆ ನಗುವೋ ನಗು. ಗೊಣಗಮ್ಮನ ಚಿಕ್ಕ ಮಗಳು ಹೊಸದಾಗಿ ಸಾಲಿಗೆ ಸೇರಿದ್ದಳು. ಆ ಹುಡುಗಿಯ ಬೆರಳ ಸಂದಿಯಲ್ಲಿ ಅವತ್ತೇ ಗುಳ್ಳೆ ಎದ್ದಿತ್ತು, ಎಲ್ಲರೂ ಸುತ್ತುವರಿದು ಕಲ್ಲುಸಕ್ಕರೆ ಹಾಕುತ್ತಿದ್ದರು. ನರ್ಸಮ್ಮ ಹುಡುಗಿಯನ್ನು ದಂಡೆಯ ಮೇಲೆ ಕೂರಿಸಿ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಆಮೇಲೆ ಸುತ್ತ ನೋಡಿದಳು. ಮಣ್ಣಿನ ರಾಶಿ, ಅದರ ಹಿಂದಿನ ಪೊದೆಗಳು, ಪೊದೆಗಳ ನಡುವಿನ ಒದ್ದೆ ಕಾಲುದಾರಿ. ಕಾರ್ಖಾನೆಯವರೆಲ್ಲ, ಗಂಡಸರಾಗಲಿ ಹೆಂಗಸರಾಗಲಿ, ಹೊರಕಡೆಗೆ ಹೋಗುತ್ತಿದ್ದುದು ಅಲ್ಲಿಗೇ. ರಾಶಿಯ ಮಣ್ಣು ಕಡಿಮೆಯಾದಾಗ ಆ ಅಂಚಿನ ಮಣ್ಣನ್ನೂ ಕೆರೆದು ಸೇರಿಸುತ್ತಿದ್ದರು.

ನರ್ಸಮ್ಮ ಮೆಲ್ಲಗೆ ಹೇಳಿದಳು. ಆ ಗುಳ್ಳೆ ಇರುವುದು ಹುಳ ಒಳಗೆ ಹೋದ ಬಾಗಿಲಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಒದ್ದೆ ಮಣ್ಣಿನಲ್ಲಿ ಕಾಯುತ್ತಿರುತ್ತವೆ, ಬರಿಗಾಲು ಸಿಕ್ಕರೆ ಚರ್ಮದೊಳಗೆ ಇಳಿದು ಹೊಟ್ಟೆ ಸೇರುತ್ತವೆ. ಒಬ್ಬರ ಹೊಟ್ಟೆಯದು ಮಣ್ಣಿಗೆ, ಮಣ್ಣಿನದು ಇನ್ನೊಬ್ಬರ ಕಾಲಿಗೆ. ನೀನೊಬ್ಬಳು ಮಾತ್ರೆ ತಿಂದರೆ ಇಷ್ಟು ಜನರ ಹುಳ ಎಲ್ಲಿಗೆ ಹೋಗಬೇಕು, ನಿನ್ನ ಹತ್ತಿರಕ್ಕೇ ಬರುತ್ತವೆ ಎಂದಳು ಅತ್ತಿಗೆಗೆ. ಹುಡುಗಿಯ ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ. ಗೊಣಗಮ್ಮ ಮಾತ್ರ ಮಗಳ ಕೈ ಹಿಡಿದೆಳೆದು, ನಮ್ಮಜ್ಜಿಯ ಕಾಲದಿಂದ ತುಳಿದ ಮಣ್ಣಿಗೆ ಹೆಸರಿಡಲು ಇವಳ್ಯಾರು ಎಂದು ಗೊಣಗಿಕೊಂಡು ಸಾಲಿಗೆ ಮರಳಿದಳು.

ನರ್ಸಮ್ಮ ಅಲ್ಲಿಂದ ಸೀದಾ ಯಜಮಾನರ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತಳು. ನಮ್ಮ ಯಜಮಾನರಿಗೆ ನಾವು ಇಟ್ಟ ಹೆಸರು ನಾಳೆಪ್ಪ. ಕೆಟ್ಟವರಲ್ಲ, ಏನು ಕೇಳಿದರೂ ನಾಳೆ ನೋಡೋಣ ಎನ್ನುವವರು, ಅಷ್ಟೆ. ಎಲ್ಲರಿಗೂ ಮಾತ್ರೆ, ಎಲ್ಲರಿಗೂ ಬೂಟು, ಪಾಯಿಖಾನೆ ಎಂದು ಅವಳು ಕೇಳಿದಳು, ನಾಳೆ ಎಂದರು. ಮರುದಿನ ಅವಳು ಬಂದು ಅದೇ ಕುರ್ಚಿಯಲ್ಲಿ ಕೂತಳು. ಅವರು ಮತ್ತೆ ನಾಳೆ ಎಂದರು, ಅವಳು ಮತ್ತೆ ಬಂದಳು. ಕೊನೆಗೆ ತಮ್ಮ ಕುರ್ಚಿಯಾದರೂ ಉಳಿಯಲಿ ಎಂದೋ ಏನೋ ಮಂಡಿಯುದ್ದದ ರಬ್ಬರ್ ಬೂಟು ತರಿಸಿದರು, ಪಾಯಿಖಾನೆಗೆ ಗುಂಡಿ ತೋಡಿಸಲು ಶುರು ಮಾಡಿದರು.

ಬೂಟುಗಳ ರಾಶಿ ದಂಡೆಯ ಮೇಲೆ ಬಿದ್ದಿತ್ತು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದರು ಹೆಂಗಸರು. ನನಗೂ ಅದು ಹಿಡಿಸಲಿಲ್ಲ, ನಿಜ ಹೇಳುತ್ತೇನೆ. ಅತ್ತಿಗೆಯ ಕಾಲು ಬೂಟಿನೊಳಗೆ ಹೋದರೆ ಅವಳ ಹಿರಿಮೆಯೇ ಹೋಗುತ್ತದೆ ಎನಿಸಿತು. ಅವಳಿಗೆ ಅನಿಸಿರಲಿಲ್ಲವೇ? ಹಿಂದಿನ ಸಂಜೆ ಹಿತ್ತಲ ಕಲ್ಲಿನ ಮೇಲೆ ಕೂತು ಅವಳು ತನ್ನ ಅಂಗಾಲನ್ನು ಸವರಿಕೊಳ್ಳುತ್ತಿದ್ದಳು. ಬಂದ ಮನೆಯಲ್ಲಿ ಬೇರೆ ಯಾವುದಕ್ಕೂ ಸಿಗದ ಮರ್ಯಾದೆ ಆ ಅಂಗಾಲಿಗೆ ಸಿಕ್ಕಿತ್ತು. ಬೆಳಿಗ್ಗೆ ಎಲ್ಲರ ಎದುರು ಬೂಟು ಹಾಕಿಕೊಂಡವಳು ಅವಳೊಬ್ಬಳೇ.

ಅವಳು ಬೂಟಿನಲ್ಲಿ ತುಳಿದ ಮಣ್ಣಿನ ಮೊದಲ ಭಟ್ಟಿಯಲ್ಲೇ ಹೆಂಚು ಸೀಳಿತು. ಬಾಗಿಲು ತೆಗೆದು ಒಳಗೆ ಹೋದವನು ನಾನು. ಸಾಲಿಗೆ ಸಾಲೇ ಹಲ್ಲು ಬಿಟ್ಟುಕೊಂಡು ನಿಂತಿತ್ತು. ಬೂಟಿನ ಅಡಿಗೆ ಕಲ್ಲು ಸಿಕ್ಕರೆ ಹೇಗೆ ತಿಳಿದೀತು? ಅತ್ತಿಗೆ ಬಂದು ಚೂರುಗಳನ್ನು ನೋಡಿ, ಒಂದನ್ನು ಎತ್ತಿ ಅದರೊಳಗಿನ ಕಲ್ಲನ್ನು ಉಗುರಿನಿಂದ ಮುಟ್ಟಿ, ಚೂರನ್ನು ಕೆಳಗಿಟ್ಟು ಹೋದಳು.

ಮರುದಿನ ಬೆಳಿಗ್ಗೆ ಯಜಮಾನರೇ ದಂಡೆಗೆ ಬಂದರು. ಉಳಿದವರು ಬೂಟು ಹಾಕಿಕೊಳ್ಳಲಿ ಬಿಡಲಿ, ಮುಂಗಾಲಿನವಳು ಬರಿಗಾಲಲ್ಲೇ ಇಳಿಯಬೇಕು, ಅದಕ್ಕೆ ಬೇಕಾದರೆ ಕೂಲಿ ಇನ್ನಷ್ಟು ಏರಿಸುತ್ತೇನೆ ಎಂದರು. ಅತ್ತಿಗೆಗೆ ಆಗ ಹೊಟ್ಟೆ ಕಾಣುತ್ತಿತ್ತು. ಅವಳು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಮಣ್ಣು ಒಣಗಿರುವಾಗಲೇ ಜರಡಿ ಹಿಡಿದರೆ ಕಲ್ಲು ಮೇಲೇ ಉಳಿಯುತ್ತದೆ, ದೊಡ್ಡ ಜರಡಿಗಳನ್ನು ಮಾಡಿಸಿಕೊಡಿ, ಹಿಡಿಯುವುದನ್ನು ನಾವು ಹಿಡಿಯುತ್ತೇವೆ ಎಂದಳು. ಇದು ಯಾರಿಗೂ ಹೊಳೆಯದ ಸಂಗತಿಯೇನಲ್ಲ. ಜರಡಿಗೆ ದುಡ್ಡು ಬೇಕು, ಕಾಲು ಪುಕ್ಕಟೆ, ಅದಕ್ಕೇ ಅಷ್ಟು ಕಾಲ ಯಾರೂ ಜರಡಿಯ ಸುದ್ದಿ ಎತ್ತಿರಲಿಲ್ಲ. ಯಜಮಾನರು ನಾಳೆ ನೋಡೋಣ, ಇವತ್ತು ಇಳಿ ಎಂದರು.

"ಹಾಗಾದ್ರೆ ನಾಳೆನೇ ಇಳೀತೀನಿ" ಎಂದು ಅತ್ತಿಗೆ ದಂಡೆಯ ಮೇಲೆ ಕೂತುಬಿಟ್ಟಳು. ನರ್ಸಮ್ಮನಿಂದ ಕಲಿತಿರಬೇಕು.

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. ಗೊಣಗಮ್ಮನ ಕಡೆ ತಿರುಗಿ, ಇನ್ನು ಮೇಲೆ ನೀನೇ ಮುಂಗಾಲು, ಬರಿಗಾಲಲ್ಲಿ ಮುಂದೆ ನಡಿ ಎಂದರು. ನಾನು ಹಸಿ ಹೆಂಚಿನ ತಟ್ಟೆ ಹೊತ್ತುಕೊಂಡು ಅಲ್ಲೇ ನಿಂತುಬಿಟ್ಟೆ. ಅಷ್ಟು ವರ್ಷ ಆಸೆಪಟ್ಟ ಜಾಗ, ಕೇಳದೆಯೇ ಬಂದು ಬಾಗಿಲಲ್ಲಿ ನಿಂತಿತ್ತು. ಗೊಣಗಮ್ಮ ಸೆರಗು ಸಿಕ್ಕಿಸಿಕೊಂಡು ಹಗ್ಗದ ತುದಿ ಹಿಡಿದಳು. ಅವಳ ಹಿಂದೆ ಮಗಳು ನಿಂತಳು. ಅತ್ತಿಗೆಯ ಕತೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಜಾಗ ಹೋಯಿತು, ಕೂಲಿ ಹೋಯಿತು, ಅಷ್ಟಾಗಿಯೂ ಮಗು ಉಳಿಯುತ್ತದೆಂಬ ಭರವಸೆಯಿಲ್ಲ.

ಅತ್ತಿಗೆ ಕೂತಲ್ಲಿಂದಲೇ ಮಾತಾಡಿದಳು. ಏರಿದ ದನಿಯಲ್ಲ, ಮನೆಯಲ್ಲಿ ಮಾತಾಡುವ ದನಿ.

"ಅಕ್ಕಾ, ನಿಮ್ಮ ದೊಡ್ಡವಳಿಗೆ ಸಕ್ಕರೆ ಹಾಕಿದ್ದು ನಾನೇ. ಮಣ್ಣು ಒಪ್ತು ಅಂತ ಹೇಳಿ ಹಾಕಿದ್ದೆ. ಮೊನ್ನೆ ಚಿಕ್ಕವಳಿಗೂ ಹಾಕಿದ್ವಿ."

ಅಷ್ಟೇ ಅವಳು ಹೇಳಿದ್ದು. ಗೊಣಗಮ್ಮ ಹಗ್ಗ ಹಿಡಿದುಕೊಂಡೇ ಇದ್ದಳು. ಅವಳು ತಿರುಗಿ ಮಗಳ ಮುಖ ನೋಡಿದಳು, ಆಮೇಲೆ ಮಗಳ ಪಾದ ನೋಡಿದಳು, ಬೆರಳ ಸಂದಿಯನ್ನು ಆ ಹುಡುಗಿ ಇನ್ನೊಂದು ಕಾಲಿನಿಂದ ಉಜ್ಜಿಕೊಳ್ಳುತ್ತಿತ್ತು. ದೊಡ್ಡವಳ ಸಾವಿಗೆ ಗೊಣಗಮ್ಮ ಯಾರು ಯಾರನ್ನೋ ಬೈದಿದ್ದಳು, ಹಣೆಬರಹವನ್ನು, ಬೀಗರಾಗಬೇಕಿದ್ದವರ ಕಣ್ಣನ್ನು, ಒಮ್ಮೆ ನಮ್ಮ ಅತ್ತಿಗೆಯನ್ನೂ. ಆ ಬೆಳಿಗ್ಗೆ ಬೈಯಲು ಯಾರೂ ಸಿಗಲಿಲ್ಲ.

"ನನ್ನ ಕೂಸೂ ಹಂಗೇ ಹೋಯ್ತಾ?" ಎಂದಳು.

ಉತ್ತರಕ್ಕೆ ಕಾಯಲಿಲ್ಲ. ಹಗ್ಗ ಬಿಟ್ಟು ದಂಡೆ ಹತ್ತಿ, ರಾಶಿಯಲ್ಲಿ ಕೈಯಾಡಿಸಿ ಒಂದು ಜೊತೆ ಬೂಟು ಆರಿಸಿ, ಮಗಳ ಮುಂದೆ ಮಂಡಿಯೂರಿ ಕೂತಳು. ಹುಡುಗಿಗೆ ನಾಚಿಕೆ, ಕಾಲು ಹಿಂದೆಗೆದುಕೊಂಡಿತು. ಗೊಣಗಮ್ಮ ಹಿಡಿದೆಳೆದು, ಸೆರಗಿನಿಂದ ಪಾದ ಒರೆಸಿ, ಒಂದೊಂದಾಗಿ ಬೂಟು ಹಾಕಿದಳು. ಆಮೇಲೆ ತಾನೂ ಒಂದು ಜೊತೆ ಎತ್ತಿಕೊಂಡು ಅತ್ತಿಗೆಯ ಪಕ್ಕದಲ್ಲಿ ಕೂತು ಹಾಕಿಕೊಂಡಳು. ಹಾಕಿಕೊಂಡವಳು ಏಳಲಿಲ್ಲ. ಜರಡಿ ಬರಲಿ ಎಂದು ಯಜಮಾನರಿಗೆ ಕೇಳುವಂತೆ ಗೊಣಗಿದಳು. ಅವಳ ಗೊಣಗಾಟ ನನಗೆ ಇಷ್ಟವಾಗಿದ್ದು ಆ ಒಂದು ದಿನ. ಉಳಿದವರೂ ಬಂದು ಬೂಟಿನ ರಾಶಿಯ ಸುತ್ತ ಕೂತರು, ನನ್ನದು ದೊಡ್ಡದು, ನಿನ್ನದು ಚಿಕ್ಕದು ಎಂದು ಅದಲುಬದಲು ಶುರುವಾಯಿತು. ನಾಳೆಪ್ಪನವರು ಅವತ್ತೇ ಮಧ್ಯಾಹ್ನ ಬಡಗಿಯನ್ನು ಕರೆಸಿದರು, ಅವರ ಜನ್ಮದಲ್ಲಿ ನಾಳೆಗೆ ಬಿಡದೆ ಮಾಡಿಸಿದ ಮೊದಲ ಕೆಲಸ ಅದು.

ಮಾತ್ರೆಯನ್ನು ಈ ಸಲ ಯಾರೂ ಉಗಿಯಲಿಲ್ಲ. ಗೊಣಗಮ್ಮ ಎದುರು ನಿಂತು ಬಾಯಿ ತೆಗೆಸಿ ನೋಡುತ್ತಿದ್ದಳು, ಅವಳ ಕೈಯಿಂದ ತಪ್ಪಿಸಿಕೊಳ್ಳಲು ಹುಳಕ್ಕೂ ಸಾಧ್ಯವಿರಲಿಲ್ಲ. ಅತ್ತಿಗೆಯನ್ನು ತುಳಿಯುವುದು ಬಿಡಿಸಿ ಜರಡಿಯ ಹತ್ತಿರ ಕೂರಿಸಿದರು. ಕಾಲಿಗಿದ್ದ ಕಣ್ಣು ಕೈಗೆ ಬರಲು ಸ್ವಲ್ಪ ದಿನ ಹಿಡಿಯಿತು, ಬಂತು. ನರ್ಸಮ್ಮ ವಾರವಾರ ರೆಪ್ಪೆ ಎಳೆದು ನೋಡುತ್ತಿದ್ದಳು. ಹೆರಿಗೆಯ ದಿನ ಅಮ್ಮ ಆಸ್ಪತ್ರೆಯ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು, ಅಣ್ಣ ಕಂಬ ಸುತ್ತುತ್ತಿದ್ದ. ಒಳಗಿನಿಂದ ಮಗುವಿನ ಅಳು ಕೇಳಿತು. ನಿಲ್ಲಲೇ ಇಲ್ಲ, ಒಂದೇ ಸಮನೆ ಕಿರುಚಾಟ. ಅಷ್ಟು ಚೆಂದದ ಸದ್ದನ್ನು ನಾನು ಕೇಳಿಲ್ಲ. ನಾನೂ ಅತ್ತುಬಿಟ್ಟೆ, ಅದರಲ್ಲಿ ಮುಚ್ಚಿಡುವುದೇನಿದೆ?

ಹೆಣ್ಣು ಮಗು. ಮೈತೂಕ ಚೆನ್ನಾಗಿತ್ತು.

ಆಮೇಲೆ ಬೀದಿಯಲ್ಲಿ ಆದದ್ದನ್ನು ಯಾರೂ ತಿಂಗಳ ಲೆಕ್ಕ ಹಿಡಿದು ಗಮನಿಸಲಿಲ್ಲ, ಆದ ಮೇಲೆ ಕಂಡಿತು. ಮಧ್ಯಾಹ್ನದ ನಂತರವೂ ತುಳಿಯುವ ಸಾಲು ನೆಟ್ಟಗೆ ನಡೆಯುತ್ತಿತ್ತು. ಭಟ್ಟಿ ಒಂದು ಸಾಲದಾಯಿತು, ಇನ್ನೊಂದು ಕಟ್ಟಿದರು, ಅದಕ್ಕೆ ಜನ ಬೇಕಾಯಿತು. ವ್ಯಾಪಾರಿಗಳು ಬಂದು, ಜನ ಬದಲಾಯಿಸಿದಿರೋ ಎಂದು ಯಜಮಾನರನ್ನು ಕೇಳಿದರಂತೆ. ಅದೇ ಜನ ಸ್ವಾಮಿ, ಒಳಗೆ ರಕ್ತ ತುಂಬಿದೆ, ಅಷ್ಟೆ. ದೀಪ ಹಚ್ಚುವ ಹೊತ್ತಿಗೆ ಸ್ಮಶಾನವಾಗುತ್ತಿದ್ದ ಬೀದಿಯಲ್ಲಿ ಒಬ್ಬ ಚಹಾದಂಗಡಿ ಇಟ್ಟ. ಮೊದಲು ಇಟ್ಟಿದ್ದರೆ ಅವನಿಗೆ ಗಿರಾಕಿ ಯಾರು, ಬೀದಿನಾಯಿಯೇ? ಗೊಣಗಮ್ಮನ ಮಗಳು ಕೆಲಸ ಮುಗಿಸಿ ಬಂದು ಹೊಲಿಗೆ ಕಲಿಯಲು ಹೋಗತೊಡಗಿದಳು. ಮಕ್ಕಳು ಶಾಲೆಯಲ್ಲಿ ನಿದ್ದೆ ಮಾಡುವುದು ಬಿಟ್ಟು ತರಲೆ ಶುರು ಮಾಡಿದರು ಎಂದು ಮೇಷ್ಟ್ರು ದೂರು ತಂದರು, ದೂರು ಹೇಳುವಾಗ ಅವರ ಮುಖದಲ್ಲಿ ನಗುವಿತ್ತು. ಯಾವ ದೊಡ್ಡವರು ಬಂದು ಯಾವ ಯೋಜನೆಯ ಕಲ್ಲು ನೆಟ್ಟರೂ ನಮ್ಮ ಬೀದಿಗೆ ಬಾರದಿದ್ದ ಏಳಿಗೆ, ಹೊಟ್ಟೆಯ ಹುಳ ಬಿದ್ದ ಮೇಲೆ ನಡೆದುಕೊಂಡು ಬಂತು. ಮೊದಲ ಹೆಂಚಿನ ಮನೆ ಗೊಣಗಮ್ಮನದು. ಎರಡನೆಯದು ನಮ್ಮದು. ಇದರಲ್ಲಾದರೂ ನಾನು ಮುಂದೆ ಎಂದು ಅವಳು ಹೇಳಿಕೊಂಡು ತಿರುಗಿದಳು, ಅತ್ತಿಗೆ ಹೇಳಿಕೊಳ್ಳಲಿ ಬಿಡಿ ಎಂದಳು.

ಮಗು ಕೂರಲು ಕಲಿತಿದ್ದ ದಿನಗಳು. ಒಂದು ಸಂಜೆ ಕೆಲಸದಿಂದ ಬಂದು ನಾನೂ ಅಣ್ಣನೂ ಜಗಲಿಯ ಮೇಲೆ ಕೂತಿದ್ದೆವು. ದೀಪ ಹಚ್ಚಿ ಆಗಿತ್ತು. ಒಳಗೆ ಅತ್ತಿಗೆಯ ಮಾತು ನಡೆದಿತ್ತು, ಮಗುವಿನ ಜೊತೆ ಸ್ವಲ್ಪ, ಅಮ್ಮನ ಜೊತೆ ಸ್ವಲ್ಪ, ತನ್ನ ಜೊತೆಯೇ ಸ್ವಲ್ಪ. ಜರಡಿಯ ಹತ್ತಿರ ಯಾರು ಏನೆಂದರು, ತಾನು ಚಿಕ್ಕವಳಿದ್ದಾಗ ಯಾವ ಮರದಿಂದ ಬಿದ್ದಳು, ತನ್ನ ಅಪ್ಪ ಹೇಗೆ ಸೀನುತ್ತಿದ್ದ. ಸೀನಿ ತೋರಿಸಿದಳು, ಮಗು ಕೇಕೆ ಹಾಕಿತು, ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಣ್ಣ ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ಕೇಳುತ್ತಿದ್ದ. ಬಹಳ ಹೊತ್ತಿನ ಮೇಲೆ ನನ್ನ ಕಡೆ ವಾಲಿದ.

"ಇವಳು ಇಷ್ಟೊಂದು ಮಾತಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ."

ತಮಾಷೆಗೆ ಹೇಳಿದ್ದಾನೆಂದು ನಗಲು ಹೋದೆ. ಅವನ ಕಣ್ಣು ನೋಡಿ ನಗು ಅಲ್ಲೇ ನಿಂತಿತು. ಮದುವೆಯಾದಾಗಿನಿಂದ, ಅವನು ಬೆಂಕಿ ಬಿಟ್ಟು ಮನೆಗೆ ಬರುವ ಈ ಹೊತ್ತಿನಲ್ಲಿ, ಅವಳು ಎಚ್ಚರವಾಗಿರುತ್ತಿದ್ದುದೇ ಅಪರೂಪ. ಒಳಗೆ ಅತ್ತಿಗೆ ಇನ್ನೊಂದು ಕಥೆ ಎತ್ತಿಕೊಂಡಳು. ಅಣ್ಣ ಲೋಟವನ್ನು ಕೆಳಗಿಟ್ಟು, ಎದ್ದು ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತ.